ದೀಪ ಆರಿಸುವವಳು

ನಮ್ಮಕ್ಕ ದೀಪ ಆರಿಸುವವಳು. ಹೀಗೆಂದ ಕೂಡಲೇ ನೀವು ಹುಬ್ಬು ಗಂಟಿಕ್ಕುತ್ತೀರೆಂದು ನನಗೆ ಗೊತ್ತು. ನಮ್ಮ ಬೀದಿಯವರೂ ಅದನ್ನೇ ಮಾಡಿದ್ದರು. ಮನೆಯ ಮುಂದಿನ ಕೋಣೆಯಲ್ಲಿ ಅಂಗಡಿ ತೆರೆದಾಗ ಅವಳು ಬಾಗಿಲ ಮೇಲೆ ಒಂದು ಬೋರ್ಡು ಹಾಕಿಸಿದಳು: 'ಮನೆಗೆ ಬಂದು ದೀಪ ಆರಿಸಿ ಕೊಡಲಾಗುವುದು'. ಯಾವ ಕೋಣೆಗೆ ಯಾವ ದೀಪ ಹೊಂದುತ್ತದೆ ಎಂದು ನೋಡಿ ಆಯ್ದು ಕೊಡುತ್ತೇನೆ ಎಂಬುದು ಅವಳ ಅರ್ಥ. ಓದಿದವರಿಗೆ ಹೊಳೆದದ್ದು ಇನ್ನೊಂದು. ಎದುರುಮನೆ ತಾತ ಬೋರ್ಡಿನ ಕೆಳಗೇ ನಿಂತು, "ಉಫ್ ಅಂತ ಊದೋಕೆ ಎಷ್ಟು ಜನ ಬರ್ತೀರಮ್ಮ?" ಎಂದು ಕೇಳಿದರು. ಅಮ್ಮನಿಗೆ ನಾಚಿಕೆಯಾಗಿ ಒಳಗೆ ಹೋದಳು. ನಾನು ಬೋರ್ಡು ಅಳಿಸಲು ಬಣ್ಣದ ಡಬ್ಬಿ ಹುಡುಕತೊಡಗಿದೆ. ಅಕ್ಕ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಾನು ಎರಡೂ ಮಾಡ್ತೀನಿ. ಬೋರ್ಡಲ್ಲಿ ತಪ್ಪೇನಿಲ್ಲ" ಎಂದಳು.

ಅದು ಬರೀ ಜಂಬದ ಮಾತಲ್ಲ. ಜಂಬ ಅವಳಿಗೆ ಧಾರಾಳವಾಗಿಯೇ ಇದೆ, ಅದು ಬೇರೆ ವಿಷಯ. ಮೊದಲು ಅವಳು ಪೇಟೆಯ ದೊಡ್ಡ ದೀಪದಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತಿರುತ್ತಿದ್ದಳು. ಆ ಅಂಗಡಿಯ ಚಾವಣಿ ತುಂಬ ದೀಪಗಳು, ಎಲ್ಲವೂ ಒಟ್ಟಿಗೆ ಉರಿಯುತ್ತಿದ್ದವು. ಬಂದವರು ಕತ್ತೆತ್ತಿ ಒಂದಕ್ಕೆ ಬೆರಳು ತೋರಿಸುವರು, ಕಟ್ಟಿಸಿಕೊಂಡು ಹೋಗುವರು, ಎರಡೇ ದಿನಕ್ಕೆ ಮುಖ ಹುಳ್ಳಗೆ ಮಾಡಿಕೊಂಡು ವಾಪಸು ತರುವರು. "ಅಂಗಡೀಲಿ ಚೆನ್ನಾಗಿತ್ತು, ಮನೇಲಿ ಆಸ್ಪತ್ರೆ ಥರ ಕಾಣ್ಸುತ್ತೆ" ಎಂಬುದು ಎಲ್ಲರ ದೂರು. ಒಂದು ದಿನ ಅಕ್ಕ ಯಾರನ್ನೂ ಕೇಳದೆ ಉಳಿದ ದೀಪಗಳನ್ನೆಲ್ಲ ಆರಿಸಿ, ಗಿರಾಕಿ ಕೇಳಿದ ಒಂದನ್ನು ಮಾತ್ರ ಉರಿಸಿ ತೋರಿಸಿದಳು. ಆ ಗಿರಾಕಿ ಅದನ್ನು ಬಿಟ್ಟು ಬೇರೊಂದು ಕೊಂಡರು, ಆ ದೀಪ ವಾಪಸು ಬರಲಿಲ್ಲ. ಮಾಲೀಕರು ಮಾತ್ರ ಸಿಡಿಮಿಡಿಗೊಂಡರು. ಅಂಗಡಿ ಕತ್ತಲಾಗಿದ್ದರೆ ಬೀದಿಯಲ್ಲಿ ಹೋಗುವವರು ಬಾಗಿಲು ಹಾಕಿದೆ ಎಂದುಕೊಳ್ಳುತ್ತಾರಂತೆ. ಅಕ್ಕನ ಬಾಯಿಯೂ ಸಣ್ಣದಲ್ಲ. ಮಾತಿಗೆ ಮಾತು ಬೆಳೆದು ಕೆಲಸ ಬಿಟ್ಟು ಬಂದಳು.

ಈಗ ಅವಳು ಆರಿಸುವವಳು, ನಾನು ಕೂರಿಸುವವನು. ಅವಳು ಬೆರಳಿಟ್ಟ ಕಡೆ ಗೋಡೆ ಕೊರೆಯುವುದು, ವೈರು ಎಳೆಯುವುದು, ಬೈಸಿಕೊಳ್ಳುವುದು ನನ್ನ ಪಾಲು. ಯಾರ ಮನೆಗೆ ಹೋದರೂ ಅವಳು ಮೊದಲು ಎಲ್ಲ ದೀಪ ಆರಿಸುತ್ತಾಳೆ. ಆಮೇಲೆ ಒಂದೊಂದಾಗಿ ಹಾಕುತ್ತ, ಮನೆಯವರಿಂದ ಅವರವರ ಕೆಲಸ ಮಾಡಿಸುತ್ತಾಳೆ. ಈರುಳ್ಳಿ ಹೆಚ್ಚುವವರು ಹೆಚ್ಚಬೇಕು, ಓದುವವರು ಓದಬೇಕು. ಒಬ್ಬರ ಅಳಿಯನಿಗೆ ಸ್ನಾನದ ಮನೆಯ ಕನ್ನಡಿಯ ಮುಂದೆ ಸೋಪು ಹಚ್ಚಿಸಿ ಗಡ್ಡ ಹೆರೆಸಿದಳು. ದೀಪ ನೆತ್ತಿಯ ಮೇಲಿದ್ದುದರಿಂದ ಮೂಗಿನ ನೆರಳು ಮೇಲ್ದುಟಿಯ ಮೇಲೆ ಬೀಳುತ್ತಿತ್ತು, ಪಾಪ, ಆತನ ಮೀಸೆ ಯಾವಾಗಲೂ ಒಂದು ಕಡೆ ತಗ್ಗಾಗಿರುತ್ತಿದ್ದುದು ಅದಕ್ಕೇ. ಕನ್ನಡಿಯ ಎರಡೂ ಪಕ್ಕ ಮುಖದ ಎತ್ತರಕ್ಕೆ ಒಂದೊಂದು ದೀಪ ಹಾಕಿಸಿದ ಮೇಲೆ ಮೀಸೆ ನೆಟ್ಟಗಾಯಿತು.

ಇದನ್ನೆಲ್ಲ ತಲೆಹರಟೆ ಎನ್ನುವವರೂ ಇದ್ದರು. ನಾನೂ ಅವರಲ್ಲೊಬ್ಬನಾಗಿದ್ದೆ, ಕೋಟಮ್ಮನ ಮನೆಗೆ ಹೋಗುವ ತನಕ.

ಕೋಟಮ್ಮ ಎಂದರೆ ನಮ್ಮ ಬೀದಿಯ ಕೊನೆಯಲ್ಲಿ ಕೋಟು ಹೊಲಿಯುವಾಕೆ. ವಕೀಲರ ಕರಿ ಕೋಟು, ಬ್ಯಾಂಡಿನವರ ಕರಿ ಕೋಟು, ಎಲ್ಲವೂ ಅವರ ಮೆಷಿನ್ನಿನಿಂದಲೇ ಬರಬೇಕು. ಹಗಲೆಲ್ಲ ಮನೆಗೆಲಸ, ಹೊಲಿಗೆ ಏನಿದ್ದರೂ ಸಂಜೆಗೆ. ಈಚೆಗೆ ಸಂಜೆಯ ಹೊಲಿಗೆ ಸೊಟ್ಟ ಬರತೊಡಗಿತ್ತು. ಕನ್ನಡಕ ಬದಲಾಯಿಸಿದ್ದಾಯಿತು. ಹೊಲಿದದ್ದನ್ನು ಬಿಚ್ಚಿ, ಮತ್ತೆ ಹೊಲಿದು, ಬೆರಳು ಚುಚ್ಚಿಕೊಂಡು, ಕೊನೆಗೆ ಕಣ್ಣು ಹೋಯಿತೆಂದೇ ತೀರ್ಮಾನಿಸಿ, ಬಂದ ಬಟ್ಟೆಯನ್ನು ಬಾಗಿಲಿಂದಲೇ ಹಿಂದಿರುಗಿಸುತ್ತಿದ್ದರು. ಮೆಷಿನ್ ಕೊಳ್ಳುವವನು ಮಾರನೆಯ ದಿನ ಬಂದು ಹೊತ್ತೊಯ್ಯುವುದೆಂದೂ ಮಾತಾಗಿತ್ತು. ಈ ಸುದ್ದಿ ಕೇಳಿದ ಅಕ್ಕ ಅವರು ಕರೆಯದೆಯೇ ಚಪ್ಪಲಿ ಮೆಟ್ಟಿದಳು. ನಾನು ಟೆಸ್ಟರು, ಸ್ಕ್ರೂಡ್ರೈವರು ಹಿಡಿದು ಹಿಂದೆ ನಡೆದೆ.

ಹೊಲಿಗೆಯ ಕೋಣೆ ನೋಡಿದರೆ ಕಣ್ಣು ಕುಕ್ಕುವಷ್ಟು ಬೆಳಕು. ಕೋಟಮ್ಮನ ಗಂಡ ಬಸ್ ಡ್ರೈವರು. ಹೆಂಡತಿ ಕಾಣುತ್ತಿಲ್ಲ ಎಂದಾಗಲೆಲ್ಲ ಆತ ಒಂದೊಂದು ದೀಪ ತಂದು ಹಾಕಿದ್ದರು. ಚಾವಣಿಗೆ ಚಪ್ಪಟೆ ದೀಪ, ಎದುರಿಗೆ ಗಾಜಿನ ಗೊಂಚಲು, ಬಲಗಡೆ ಸ್ವಿಚ್‌ಬೋರ್ಡಿನ ಮೇಲೆ ಗೋಡೆದೀಪ, ಎಡಕ್ಕೆ ಕಪಾಟಿನ ಮೇಲೆ ಯಾರೂ ಕೇಳದೆ ಬಿದ್ದಿದ್ದ ಬಗ್ಗುವ ಕತ್ತಿನ ಮೇಜುದೀಪ. "ಇನ್ನೇನು ಬಾಕಿ ಇದೆಯಮ್ಮ, ಸೂರ್ಯನೊಬ್ಬ ಬರ್ಬೇಕು" ಎಂದರು ಡ್ರೈವರಣ್ಣ. ದನಿಯಲ್ಲಿ ಸೋತ ಮನುಷ್ಯನ ಬೇಸರವಿತ್ತು.

"ಕಿಟಕಿ ಮುಚ್ಚಿ, ಎಲ್ಲಾ ಆರಿಸಿ" ಎಂದಳು ಅಕ್ಕ.

"ಕಾಣ್ತಿಲ್ಲ ಅಂತ ಅಳ್ತಿರೋಳನ್ನ ಕತ್ತಲೇಲಿ ಕೂರಿಸ್ತೀಯಾ?" ಕೋಟಮ್ಮನಿಗೆ ರೇಗಿತು.

"ಕೂತ್ಕೊಳ್ಳಿ ಕೋಟಮ್ಮ. ಕಣ್ಣು ಹೋಗಿದ್ಯೋ ಬೆಳಕು ಹೋಗಿದ್ಯೋ ನೋಡೇ ಬಿಡೋಣ."

ಒಂದೊಂದೇ ಸ್ವಿಚ್ಚು ಒತ್ತಿದೆವು. ಕತ್ತಲಾಯಿತು. ಡ್ರೈವರಣ್ಣ ಸ್ಟೂಲು ಎಳೆದ ಸದ್ದು ಕೇಳಿಸಿತು. "ಆ ಗೋಡೆದೀಪ ಹಾಕಿದ್ಮೇಲೇ ಇವಳಿಗೆ ಜಾಸ್ತಿ ಆಗಿದ್ದು. ನಾನೇ ಹಾಕ್ಸಿದ್ದು, ನಾನೇ ಕಿತ್ತು ಬಿಸಾಕ್ತೀನಿ" ಎನ್ನುತ್ತ ಆತ ಮೇಲೆ ಹತ್ತಿದ್ದರು.

"ಇಳೀರಿ" ಎಂದಳು ಅಕ್ಕ. ಹಾಗೆ ಗಟ್ಟಿಯಾಗಿಯೂ ಅಲ್ಲ, ಆದರೆ ಆತ ಇಳಿದರು. "ಆ ದೀಪ ಪೂರ್ತಿ ಆರಿಲ್ಲ, ನೋಡಿ."

ನೋಡಿದೆವು. ಗೋಡೆದೀಪದ ಬಲ್ಬಿನಲ್ಲಿ ಅಕ್ಕಿ ತೊಳೆದ ನೀರಿನಂಥ ಮಂಕು ಬೆಳಕು ಇನ್ನೂ ಇತ್ತು. ಉಳಿದ ದೀಪಗಳ ಝಗಝಗದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾನು ಸ್ಟೂಲು ಹತ್ತಿ, ಹೋಲ್ಡರಿಗೆ ಕೈ ತಾಗದಂತೆ ಬಲ್ಬು ಕಳಚಿ ಟೆಸ್ಟರು ಮುಟ್ಟಿಸಿದೆ. ಸ್ವಿಚ್ಚು ಆಫ್ ಇದ್ದರೂ ಟೆಸ್ಟರು ಕೆಂಪಗೆ ಹೊತ್ತಿಕೊಂಡಿತು. ಕರೆಂಟು ಬರುವ ತಂತಿಯನ್ನು ತಡೆಯಬೇಕಾದ ಸ್ವಿಚ್ಚನ್ನು ವಾಪಸು ಹೋಗುವ ತಂತಿಗೆ ಕೂರಿಸಿದ್ದರು. ದೀಪ ಆರಿದಂತೆ ಕಾಣುತ್ತದೆ, ಹೋಲ್ಡರಿನಲ್ಲಿ ಕರೆಂಟು ಹಾಗೇ ನಿಂತಿರುತ್ತದೆ. ಗೋಡೆಗೆ ಬಣ್ಣ ಬಳಿಯಲು ಬಂದವನೇ ಆ ವೈರನ್ನೂ ಎಳೆದು ಹೋಗಿದ್ದನಂತೆ.

"ಇದರ ಬಲ್ಬು ಯಾರು ಬದಲಾಯಿಸ್ತಾರೆ?" ಎಂದು ಕೇಳಿದೆ.

"ನಾನೇ" ಎಂದರು ಡ್ರೈವರಣ್ಣ. "ಸ್ವಿಚ್ ಆಫ್ ಮಾಡಿ, ಒದ್ದೆ ಬಟ್ಟೇಲಿ ಒರೆಸ್ತಾನೂ ಇರ್ತೀನಿ."

ಕೋಟಮ್ಮ ಕತ್ತಲಲ್ಲೇ ಗಂಡನ ತೋಳು ಹಿಡಿದುಕೊಂಡರು. ಸ್ವಲ್ಪ ಹೊತ್ತು ಬಿಡಲೇ ಇಲ್ಲ. ಅಕ್ಕ ದೀಪ ಆರಿಸದೆ ಬರೀ ಆರಿಸಿ ಕೊಡುವವಳಾಗಿದ್ದರೆ ಆ ಸಂಜೆ ಏನಾಗುತ್ತಿತ್ತು ಎಂದು ಈಗಲೂ ಯೋಚಿಸುತ್ತೇನೆ. ಮೇನ್ ಸ್ವಿಚ್ಚು ತೆಗೆದು, ಅಕ್ಕ ಹಿಡಿದ ಬ್ಯಾಟರಿಯ ಬೆಳಕಿನಲ್ಲಿ ವೈರು ಅದಲುಬದಲು ಮಾಡಿ ಸರಿಪಡಿಸಿದೆ. ಈ ಸಲ ದೀಪ ಪೂರ್ತಿ ಆರಿತು.

ಆಮೇಲೆ ಅಕ್ಕನ ಪರೀಕ್ಷೆ ಶುರುವಾಯಿತು. ಚಾವಣಿಯ ದೀಪವೊಂದನ್ನೇ ಹಾಕಿಸಿದಳು. ಅದು ಕೋಟಮ್ಮನ ಬೆನ್ನಿಗಿತ್ತು, ಅವರ ತಲೆಯ ನೆರಳು ನೇರವಾಗಿ ಸೂಜಿಯ ಮೇಲೆ. ಅದನ್ನು ಆರಿಸಿ ಗೊಂಚಲು ಹಾಕಿದರೆ ಮೆಷಿನ್ನಿನ ಉಕ್ಕಿನ ತಗಡು ಫಳ್ಳನೆ ಹೊಳೆದು ಕಣ್ಣಿಗೆ ರಾಚಿತು. ಗೋಡೆದೀಪ ಬಲಗಡೆಯದು. ಮೆಷಿನ್ನಿನ ದಪ್ಪ ಮೈಯೂ ಬಲಗಡೆಯೇ ಇರುವುದರಿಂದ ಅದರ ನೆರಳು ಸೂಜಿಯನ್ನು ನುಂಗುತ್ತಿತ್ತು. ಸ್ವಿಚ್‌ಬೋರ್ಡು ಆ ಕಡೆ ಇದೆಯೆಂಬ ಒಂದೇ ಕಾರಣಕ್ಕೆ ದೀಪವೂ ಆ ಕಡೆ ಹೋಗಿತ್ತು. ಡ್ರೈವರಣ್ಣ ಒಂದೊಂದಕ್ಕೂ ಸಣ್ಣಗಾಗುತ್ತಿದ್ದರು.

"ಬೇಜಾರ್ ಮಾಡ್ಕೋಬೇಡಿ ಅಣ್ಣ, ದೀಪ ತಂದಿದ್ದು ತಪ್ಪಲ್ಲ" ಎಂದಳು ಅಕ್ಕ. "ಕೋಟಮ್ಮಂಗೆ ಬೆಳಕು ಕಮ್ಮಿ ಆಗಿದ್ದಲ್ಲ, ನೆರಳು ಜಾಸ್ತಿ ಆಗಿತ್ತು."

ಕಪಾಟಿನ ಮೇಲಿನ ಮೇಜುದೀಪ ಇಳಿಸಿ ಧೂಳು ಒರೆಸಿದಳು. ಮೆಷಿನ್ನಿನ ಎಡಕ್ಕೆ, ಸ್ವಲ್ಪ ಮುಂದೆ, ಬಲ್ಬು ಕಣ್ಣಿಗೆ ಕಾಣದಂತೆ ತಗ್ಗಿಸಿ ಇಟ್ಟಳು. ಕೈಯಿಂದ ಹಿಡಿದೇ ಒಂದಿಷ್ಟು ಅತ್ತ, ಒಂದಿಷ್ಟು ಇತ್ತ ಸರಿಸಿ, "ಇಲ್ಲೇ. ಕೂರಿಸೋ" ಎಂದಳು. ನಾನು ಮೇಜಿಗೆ ಬಿಗಿದೆ. ಕೋಣೆಯ ಮೂಲೆಗಳು ತೀರ ಕತ್ತಲಾಗದಿರಲೆಂದು ಗೋಡೆದೀಪವನ್ನು ಹಿಂಬದಿಯ ಗೋಡೆಗೆ ತಿರುಗಿಸಿ ಅದೊಂದನ್ನಷ್ಟೇ ಉಳಿಸಿದಳು. ಒಂದು ಹೊಸ ದೀಪವನ್ನೂ ಮಾರಲಿಲ್ಲ ನಮ್ಮ ಅಂಗಡಿಯ ಮಹಾತಾಯಿ.

ಕೋಟಮ್ಮ ಕರಿ ದಾರವನ್ನು ತುಟಿಗೆ ತಾಗಿಸಿ ಸೂಜಿಯ ಹತ್ತಿರ ತಂದರು. ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ಅವರು ಅರ್ಧಕ್ಕೆ ಬಿಟ್ಟಿದ್ದ ಕೋಟನ್ನು ಎಳೆದುಕೊಂಡು ತೋಳು ಕೂಡಿಸಿದರು. ಮಗುಚಿ, ಹೊಲಿಗೆಯ ಮೇಲೆ ಉಗುರು ಓಡಿಸಿ, ದೀಪಕ್ಕೆ ಹಿಡಿದು ನೋಡಿದರು. ಗೆರೆ ಎಳೆದಷ್ಟು ನೆಟ್ಟಗಿತ್ತು. ನಾನು ಅಕ್ಕನ ಕಡೆ ನೋಡಿದೆ. ಅವಳು ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು, ನಾಚಿಕೆಯಿಲ್ಲದೆ ಬೀಗುತ್ತಿದ್ದಳು. ಬೀಗಲಿ ಎನಿಸಿತು. ಇವಳ ತಮ್ಮನಾಗಿ ಹುಟ್ಟಿದ್ದಕ್ಕೆ ನನಗೆ ಅಷ್ಟು ಹೆಮ್ಮೆಯಾದದ್ದು ಅದೇ ಮೊದಲು. ಮನೆಗೆ ಹೋಗುವ ದಾರಿಯಲ್ಲಿ ಅವಳಿಗೆ ಅದನ್ನು ಹೇಳಿಯೂ ಬಿಟ್ಟೆ. "ತಡವಾಯ್ತು" ಎಂದಳು.

ಆದರೆ ಅದಕ್ಕೂ ಮುಂಚೆ, ನಾವಿನ್ನೂ ಸಾಮಾನು ಕಟ್ಟುತ್ತಿರುವಾಗಲೇ ಡ್ರೈವರಣ್ಣನ ಫೋನು ಬಡಿದುಕೊಂಡಿತು. ಮೆಷಿನ್ ಕೊಳ್ಳುವವನು ಬೆಳಿಗ್ಗೆ ಎಷ್ಟೊತ್ತಿಗೆ ಗಾಡಿ ತರಲಿ ಎಂದು ಕೇಳುತ್ತಿದ್ದ. ಡ್ರೈವರಣ್ಣ ಹೆಂಡತಿಯ ಮುಖ ನೋಡಿದರು. ಕೋಟಮ್ಮ ತಲೆ ಎತ್ತಲಿಲ್ಲ. ಎರಡನೆಯ ತೋಳನ್ನು ಸೂಜಿಯ ಕೆಳಗಿಟ್ಟು ಕಾಲಿನಿಂದ ಮೆಟ್ಟತೊಡಗಿದ್ದರು.

"ಏನಪ್ಪಾ, ಸರಿಯಾಗಿ ಕೇಳಿಸ್ತಿಲ್ಲ" ಎಂದರು ಡ್ರೈವರಣ್ಣ ಫೋನಿಗೆ, ದನಿ ಏರಿಸಿ. "ನಮ್ಮನೆಯವಳು ಹೊಲೀತಿದ್ದಾಳೆ."