ಅವ್ವ ಕಟ್ಟಿದ ತೆರಿಗೆ

ನನ್ನ ಅವ್ವ ಕುಷ್ಟಗಿ ಹತ್ತಿರದ ಹಳ್ಳಿಯಲ್ಲಿ ದಾಳಿಂಬೆ ತೋಟದ ಕೂಲಿಗೆ ಹೋಗುತ್ತಾಳೆ. ನಾನು ಕೊಪ್ಪಳದಲ್ಲಿ ಶಾಲೆಯ ಟೀಚರ್. ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವ್ವ ನನ್ನ ಮನೆಗೆ ಬರುವುದು ಹೆಚ್ಚಾಯಿತು. ಮೊದಲು ಹಬ್ಬಕ್ಕಷ್ಟೇ ಬರುತ್ತಿದ್ದವಳು ಆಮೇಲೆ ಮನಸ್ಸಾದಾಗ ಚೀಲ ಹಿಡಿದು ಬಂದುಬಿಡುತ್ತಿದ್ದಳು. ಬಂದರೆ ಕೈ ಸುಮ್ಮನಿರುವುದಿಲ್ಲ. ರೊಟ್ಟಿ ಬಡಿಯುತ್ತಾಳೆ, ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ.

ಹೋದ ವರ್ಷ ಕಾರ್ತಿಕದಲ್ಲಿ ಹಾಗೆ ಬಂದಾಗ ನನ್ನ ಗಂಡನ ಅಣ್ಣನೂ ನಮ್ಮಲ್ಲಿಗೆ ಬಂದಿದ್ದರು. ಭಾವನಿಗೆ ಗಂಗಾವತಿಯಲ್ಲಿ ಸಿಮೆಂಟು, ತಗಡು, ಪೈಪು ಮಾರುವ ದೊಡ್ಡ ಅಂಗಡಿಯಿದೆ. ಊಟಕ್ಕೆ ಕುಳಿತಿದ್ದರು, ಅವ್ವ ರೊಟ್ಟಿ ನೀಡುತ್ತಿದ್ದಳು. ಭಾವ ನಗುತ್ತಲೇ ಅಂದರು:

"ಏನ್ರಿ ಅತ್ತಿ, ಹೋದ ವಾರನೂ ಬಂದಿದ್ರಂತ. ಬರ್ರಿ ಬರ್ರಿ, ನಿಮ್ಮದೇನು ಹೋಗ್ತೈತಿ? ತಿಂಗಳಾ ತಿಂಗಳಾ ಜಿಎಸ್‌ಟಿ ಕಟ್ಟಾವ್ರು ನಾವು. ನಮ್ಮ ರೊಕ್ಕದಾಗ ನೀವು ಅಡ್ಡಾಡ್ರಿ."

ಅವ್ವನ ಕೈ ರೊಟ್ಟಿ ಬುಟ್ಟಿಯಲ್ಲೇ ನಿಂತಿತು. ಆಮೇಲೆ ಅವಳೂ ನಕ್ಕಳು. ಆ ನಗು ನೋಡಿ ನನ್ನ ಮೈಯೆಲ್ಲ ಉರಿಯಿತು.

"ಭಾವಾರ, ಅವ್ವ ಪಡಸಾಲಿಗಿ ನಿಮ್ಮ ಅಂಗಡ್ಯಾಗ ತಗಡು ತಗೊಂಡಿದ್ಲು. ರೇಟ್ ಬ್ಯಾರೆ, ಜಿಎಸ್‌ಟಿ ಬ್ಯಾರೆ ಬರದು ಎರಡೂ ಇಸ್ಕೊಂಡ್ರಿ. ಹೌದಿಲ್ಲೊ?"

"ಮತ್ತ? ಅದು ಸರ್ಕಾರದ್ದು. ನಾ ಏನು ಇಟ್ಗೊಂತೀನೇನು?"

"ನಾನೂ ಅದನ್ನ ಹೇಳಾಕತ್ತೀನ್ರಿ. ರೊಕ್ಕ ಅವ್ವಂದು. ನೀವು ಇಸ್ಕೊಂಡು ಸರ್ಕಾರಕ್ಕ ಮುಟ್ಟಿಸಿದ್ರಿ, ಅಷ್ಟ. ಕಟ್ಟಿದಾಕಿ ಅವ್ವ."

ನನ್ನ ಗಂಡ ಕಣ್ಣಲ್ಲೇ ಸುಮ್ಮನಿರು ಎಂದರು. ನಾನು ಬಿಡಲಿಲ್ಲ. ಸೋಪು, ಹಲ್ಲುಪುಡಿ, ಚಹಾಪುಡಿ, ಅವ್ವ ಅಂಗಡಿಯಿಂದ ತರುವ ಇಂಥ ಪ್ರತಿಯೊಂದರ ಬೆಲೆಯೊಳಗೂ ತೆರಿಗೆ ಕೂತಿರುತ್ತದೆ, ಬೇರೆ ಬರೆದು ತೋರಿಸುವುದಿಲ್ಲ, ಅಷ್ಟೇ ಎಂದೆ. ಭಾವನ ಸೋಪಿಗೆ ಎಷ್ಟೋ ಅವ್ವನ ಸೋಪಿಗೂ ಅಷ್ಟೇ. ಕೂಲಿ ಮಾಡುವವಳೆಂದು ಯಾರೂ ಒಂದು ಪೈಸೆ ಬಿಡುವುದಿಲ್ಲ.

"ಮಾಲು ತರಾಗ ನೀವು ಕೊಟ್ಟ ತೆರಿಗಿ ಲೆಕ್ಕದಾಗ ಮುರ್ಕೊಂತೀರಿ. ಅವ್ವಗ ಹಂಗ ಮುರ್ಕೊಳ್ಳಾಕ ಬರ್ತೈತೇನ್ರಿ?"

"ಸಾಲಿ ಕಲ್ತಾಕಿ, ಭಾಳ ಮಾತಾಡ್ತಿ ಬಿಡವಾ" ಎಂದು ಭಾವ ತಟ್ಟೆಯಲ್ಲೇ ಕೈ ತೊಳೆದು ಎದ್ದರು.

ಅವರು ಹೋದ ಮೇಲೆ ಅವ್ವ ಬೈದದ್ದು ನನಗೆ. "ಉಣ್ಣಾಕ ಕುಂತಾವ್ರಿಗಿ ಹಂಗಂತಾರೇನು? ಅವರು ಚ್ಯಾಷ್ಟಿ ಮಾಡಿದ್ರು."

ಮರುದಿನ ಬೆಳಿಗ್ಗೆ ಅವ್ವನನ್ನು ಕುಷ್ಟಗಿ ಬಸ್ಸಿಗೆ ಹತ್ತಿಸಿ ಕಿಟಕಿಯ ಕೆಳಗೆ ನಿಂತಿದ್ದೆ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ.

"ಮರ್ತು ಬಂದೀನಿ ತಮ್ಮಾ. ರೊಕ್ಕದ ಟಿಕೆಟ್ ಕೊಡು."

"ಅವ್ವಾ, ಕಾರ್ಡ್ ಚೀಲದಾಗ ಐತಲ್ಲ, ನಾನ ಇಟ್ಟೀನಿ!" ಎಂದು ಕೂಗಿದೆ. ಅವ್ವ ನನ್ನ ಕಡೆ ನೋಡಲೂ ಇಲ್ಲ. "ನೀ ಸಾಲಿಗಿ ಹೋಗು, ಹೊತ್ತಾತು" ಎಂದು ಸೆರಗಿನ ಗಂಟು ಬಿಚ್ಚಿ ನೋಟು ಕೊಟ್ಟಳು. ತೋಟದಲ್ಲಿ ಬಿಸಿಲು ತಿಂದು ದುಡಿದ ರೊಕ್ಕ ಅದು. ಟಿಕೆಟ್ ಕೈಯಲ್ಲಿ ಹಿಡಿದು, ಬೆನ್ನು ನೆಟ್ಟಗೆ ಮಾಡಿ ಕುಳಿತಳು. ಬಸ್ಸು ಹೋಯಿತು. ಸಿಟ್ಟಿಗೆ ಅಂದು ತರಗತಿಯಲ್ಲಿ ಪಾಠ ಮಾಡಲಾಗಲಿಲ್ಲ.

ಅವ್ವ ಈಗಲೂ ನನ್ನ ಮನೆಗೆ ರೊಕ್ಕದ ಟಿಕೆಟ್ ತೆಗೆದುಕೊಂಡೇ ಬರುತ್ತಾಳೆ. ಹಾಗಾಗಿ ಬರುವುದೇ ಕಡಿಮೆಯಾಗಿದೆ. ಗಂಡನಿಗೆ ಹೇಳಿದರೆ, "ಅಣ್ಣನ ಬಾಯಿ ಹಂಗ, ಬಿಡು" ಅನ್ನುತ್ತಾರೆ.

ಮೊನ್ನೆ ಬಚ್ಚಲಮನೆಯ ಪೈಪು ಬದಲಿಸಬೇಕಾಯಿತು. ಗಂಗಾವತಿಯಿಂದ ಅಣ್ಣ ಕಳಿಸುತ್ತಾನೆ ಎಂದರು ಗಂಡ. ನಾನು ಬೇಡವೆಂದು ಕೊಪ್ಪಳದಲ್ಲೇ ಕೊಂಡೆ. ತೆರಿಗೆ ಇಲ್ಲೂ ಅಷ್ಟೇ. ಅದನ್ನು ನನ್ನ ಸಂಬಳದಿಂದ ಕೊಟ್ಟೆ. ಗಂಡ ಮುಖ ಊದಿಸಿಕೊಂಡಿದ್ದಾರೆ. ಇರಲಿ.