ಕಿತ್ತಳೆ ಎದೆಯ ಫಿಂಚ್

ಗಾಜಿನಂಗಡಿಯವನಿಗೆ ಎರಡು ಹುಚ್ಚು. ಒಂದು, ಗಾಜಿನ ಮೇಲೆ ಬೆರಳಚ್ಚು ಕಂಡರೆ ಮೈ ಉರಿಯುವುದು. ನೆಂಟರ ಮನೆಗೆ ಹೋದರೂ ಕೂರುವ ಮುಂಚೆ ಕಿಟಕಿ ಒರೆಸಿಬಿಡುತ್ತಿದ್ದ. ಇನ್ನೊಂದು, ಹಕ್ಕಿ. ಇದನ್ನು ಅವನ ತಲೆಗೆ ತುಂಬಿದವಳು ಅಕ್ಕ. ಚಿಕ್ಕಂದಿನಲ್ಲಿ ತಮ್ಮನ ಕಾಟ ತಡೆಯಲಾರದೆ ಹಿತ್ತಲಲ್ಲಿ ಕೂರಿಸಿ, "ಅಲ್ಲಾಡ್ಬೇಡ, ಹಕ್ಕಿ ಬರತ್ತೆ" ಎನ್ನುತ್ತಿದ್ದಳು. ಅವನು ಅಲ್ಲಾಡಲಿಲ್ಲ, ಹಕ್ಕಿಗಳು ಬಂದವು. ಅಲ್ಲಿಗೆ ಹುಡುಗ ಕೆಟ್ಟ.

ಅಕ್ಕ ದುಡಿದದ್ದು ಆಸ್ಪತ್ರೆಯ ಅಡುಗೆಮನೆಯಲ್ಲಿ. ಕಿತ್ತಳೆ ಎದೆಯ ಫಿಂಚನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅವಳ ಆಸೆ. ಗುಬ್ಬಿಯಷ್ಟೇ ಗಾತ್ರದ ಈ ಹಕ್ಕಿ ಯಾವುದೋ ಕಡುಚಳಿಯ ವರ್ಷ ಉತ್ತರದಿಂದ ಬಂದು, ನಾಲ್ಕು ದಿನ ಇದ್ದು ಹೋಗುತ್ತದೆ. ಪಾಳಿ ಮುಗಿಸಿ ಅವಳು ಏದುಸಿರು ಬಿಡುತ್ತ ಓಡಿಬರುವಷ್ಟರಲ್ಲಿ ಗೆಳೆಯರು, "ಅಯ್ಯೋ, ನಿನ್ನೆ ಇತ್ತಲ್ಲ" ಎನ್ನುತ್ತಿದ್ದರು. ಹಕ್ಕಿ ನೋಡುವವರ ಗುಂಪಿನಲ್ಲಿ ಅವಳಿಗೆ 'ನಿನ್ನೆ ಅಕ್ಕ' ಎಂದೇ ಹೆಸರಾಯಿತು. ಅವಳೂ ನಗುತ್ತಿದ್ದಳು. ಒಳಗೊಳಗೆ ನೋಯುತ್ತಿದ್ದುದು ತಮ್ಮನಿಗೆ ಮಾತ್ರ ಗೊತ್ತು.

ಈಗ ಸೊಂಟದ ಮೂಳೆ ಮುರಿದು ತಮ್ಮನ ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಆ ಕೋಣೆಗೆ ಇರುವುದೊಂದೇ ಕಿಟಕಿ, ತೆರೆಯಲು ಬಾರದ್ದು, ಮಬ್ಬು ಗಾಜಿನದು.

ಒಂದು ಬೆಳಿಗ್ಗೆ ಒಡೆದ ಗಾಜು ಸುರಿಯಲು ಹಿತ್ತಲಿಗೆ ಹೋದವನು ನಿಂತಲ್ಲೇ ನಿಂತ. ಒಣಗಿದ ಸೂರ್ಯಕಾಂತಿಯ ಬುಡದಲ್ಲಿ, ಗುಬ್ಬಿಗಳ ನಡುವೆ, ಕಿತ್ತಳೆ ಎದೆ. ಅದು ಕುಪ್ಪಳಿಸಿದಾಗ ಬಾಲದ ಬುಡದಲ್ಲಿ ಆ ಜಾತಿಯ ಗುರುತಾದ ಬಿಳಿ ಕಂಡಿತು. ಅನುಮಾನವೇ ಇಲ್ಲ. ಕೂಡಲೇ ಗುಂಪಿಗೆ ತಿಳಿಸುವುದು ಪದ್ಧತಿ. ತಿಳಿಸಿದರೆ ಹಿತ್ತಲ ತುಂಬ ದುರ್ಬೀನುಗಳು. ಬಾಯಿ ಹೊಲಿದುಕೊಂಡು ಒಳಗೆ ಓಡಿದ.

"ಅಕ್ಕಾ, ಬಂದಿದೆ."

"ಯಾವ್ದು?" ಅಂದವಳು ಅವನ ಮುಖ ನೋಡಿ ತಿಳಿದುಕೊಂಡಳು. "ತಮಾಷೆ ಮಾಡ್ಬೇಡ ಕಣೋ."

ಗುಬ್ಬಿಗಳ ಹಿಂಡಿನೊಂದಿಗೆ ಅದೂ ಪಕ್ಕದ ಮರಕ್ಕೆ ಹೋದದ್ದೇ ತಡ, ಅವನು ಮಬ್ಬು ಗಾಜು ಕಿತ್ತು ಹೊಸದನ್ನು ಕೂರಿಸಿದ. ಉಜ್ಜಿ ಉಜ್ಜಿ ಒರೆಸಿದ. ಗಾಜು ಇದೆಯೋ ಇಲ್ಲವೋ ಎನ್ನುವಂತಾಯಿತು. ಅಕ್ಕನ ಮಂಚ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು, ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡು ನಿಂತ.

ಹಿಂಡು ಮರಳಿತು. ಅಕ್ಕ ಕನ್ನಡಕ ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಎಲ್ಲಿಂದಲೋ ಒಂದು ಕಾಗೆ ಎರಗಿತು, ಹಿಂಡು ಚೆಲ್ಲಾಪಿಲ್ಲಿಯಾಯಿತು. ಒಂದು ನೆರಳು ನೇರವಾಗಿ ಕಿಟಕಿಗೆ ಬಂದು ಬಡಿದು ಕೆಳಗೆ ಬಿತ್ತು.

ಚೊಕ್ಕ ಗಾಜು ಹಕ್ಕಿಗೆ ಬಯಲಿನಂತೆ ಕಾಣುತ್ತದೆಂದು ಅವನಿಗೆ ಗೊತ್ತಿರಲಿಲ್ಲವೇ? ಊರಿಗೆಲ್ಲ ಹೇಳುತ್ತಿದ್ದವನೇ ಅವನು. ಕೈಕಾಲು ಆಡದೆ ನಿಂತುಬಿಟ್ಟ.

"ಯಾಕೆ ನಿಂತಿದೀಯ? ಚಪ್ಪಲಿ ಡಬ್ಬಿ ತಗೊ, ಬಟ್ಟೆ ಹಾಸು, ಮುಚ್ಚಳ ಹಾಕು," ಎಂದಳು ಅಕ್ಕ.

ಪೆಟ್ಟು ತಿಂದ ಹಕ್ಕಿಗೆ ಬೇಕಾದದ್ದು ಕತ್ತಲೆ ಮತ್ತು ಮೌನ. ಹತ್ತಿರದಲ್ಲಿ ಮನುಷ್ಯರ ಮುಖ ಕಂಡರೆ ಗಾಬರಿಗೇ ಪ್ರಾಣ ಹೋಗಬಹುದು. ಅವನಿಗೆ ಇದನ್ನು ಕಲಿಸಿದವಳೂ ಅಕ್ಕನೇ. ಅವನು ಕೆಳಗೆ ಬಿದ್ದಿದ್ದ ಫಿಂಚನ್ನು ಡಬ್ಬಿಯೊಳಗಿಟ್ಟು ತಂದು ಅವಳ ಮಡಿಲಲ್ಲಿಟ್ಟ. ಉಸಿರಿದೆ, ಕಣ್ಣು ಮುಚ್ಚಿದೆ ಎಂದ. ಆಮೇಲೆ ತಡೆಯಲಾಗಲಿಲ್ಲ.

"ಒಂದೇ ಒಂದ್ ಸಲ ತೆಗೀತೀನಿ. ನೋಡ್ಬಿಡಕ್ಕ."

ಅವಳು ಮುಚ್ಚಳದ ಮೇಲೆ ಅಂಗೈ ಇಟ್ಟಳು. "ಬೇಡ."

"ಮತ್ತೆ ಸಿಗಲ್ಲ ಅಕ್ಕ."

"ಗೊತ್ತು. ಬೇಡ ಅಂದ್ನಲ್ಲ."

ಅವಳ ಹಟ ಕಂಡು ಅವನಿಗೆ ಸಿಟ್ಟು ಬಂತು. ತನ್ನ ಮೇಲೆ ಅದರ ಹತ್ತರಷ್ಟು. ಅಕ್ಕನ ಕಣ್ಣು ಮುಚ್ಚಳದಿಂದ ಕದಲಲಿಲ್ಲ. ಬಹಳ ಹೊತ್ತಿನ ಮೇಲೆ ಒಳಗೆ ಕೆರೆದ ಸದ್ದಾಯಿತು. ಅಕ್ಕ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು.

"ಎದ್ದು ನಿಂತಿದೆ. ತಗೊಂಡ್ಹೋಗು. ಈ ಕಿಟಕಿ ಕಡೆ ಬೇಡ, ಬೀದಿ ಕಡೆ ಬಿಡು."

"ನಿಂಗೆ ಕಾಣಲ್ಲ ಅಲ್ಲಿ."

"ನಂಗೆ ಕಾಣಿಸ್ಬೇಕು ಅಂತ ಹೋಗೇ ಹಿಂಗಾಗಿದ್ದು. ನಡಿ."

ಬೀದಿಬಾಗಿಲಲ್ಲಿ ಮುಚ್ಚಳ ತೆಗೆದ. ಹಕ್ಕಿ ಡಬ್ಬಿಯ ಅಂಚಿನ ಮೇಲೆ ಬಂದು ಕೂತಿತು. ಮೊಳದ ದೂರದಲ್ಲಿ ಆ ಎದೆ, ಆ ಬಣ್ಣ. ಅವನಿಗೆ ನೋಡಲು ನಾಚಿಕೆಯಾಯಿತು. ನೋಡದೆ ಇರಲೂ ಆಗಲಿಲ್ಲ. ಅದು ಸೂರುಗಳ ಮೇಲೆ ಹಾರಿ ಮರೆಯಾಯಿತು.

ಒಳಗೆ ಬಂದಾಗ ಅಕ್ಕ ಬಾಗಿಲನ್ನೇ ನೋಡುತ್ತಿದ್ದಳು.

"ನೆಟ್ಟಗೆ ಹಾರ್ತಾ?"

"ನೆಟ್ಟಗೆ."

"ಎರಡೂ ರೆಕ್ಕೆ ಸರಿಯಾಗಿ ಬಡೀತಾ?"

"ಎರಡೂ."

"ಹಾಗಾದ್ರೆ ಸರಿ," ಎಂದು ಗೋಡೆಯತ್ತ ಮುಖ ತಿರುಗಿಸಿದಳು. ಆಮೇಲೆ ಸದ್ದಿಲ್ಲದೆ ಅಳತೊಡಗಿದಳು. ಅವನು ಅವಳ ಕಾಲಬುಡದಲ್ಲಿ ಕೂತು ತಾನೂ ಅತ್ತ.