ನಾಲ್ಕು ಡಿಗ್ರಿಯ ಯಮ

ಪುರಾಣದ ಯಮ ಕೋಣ ಏರಿ ಬರುತ್ತಾನೆ, ಜೀವ ಒಯ್ಯುತ್ತಾನೆ, ಮೈಯನ್ನು ಅಲ್ಲೇ ಬಿಟ್ಟುಹೋಗುತ್ತಾನೆ. ಬೇಜವಾಬ್ದಾರಿ ದೇವರು. ಆತ ಅರ್ಧಕ್ಕೆ ಬಿಟ್ಟ ಕೆಲಸವನ್ನು ಮುಂಡರಗಿಯಲ್ಲಿ ಪೂರೈಸುವವನು ಯಮನೂರಸಾಬ. ಹೆಸರಿನಲ್ಲೇ ಅರ್ಧ ಅಧಿಕಾರ ಬಂದಿದೆ. ಉಳಿದರ್ಧಕ್ಕೆ ಒಂದು ಹಳೆಯ ಟೆಂಪೊ, ಅದರೊಳಗೆ ಹೆಣ ಕೆಡದಂತೆ ಇಡುವ ಫ್ರೀಜರ್ ಪೆಟ್ಟಿಗೆ. ಗದಗ ಹೊಸ ಜಿಲ್ಲೆಯಾದಾಗ ಅವನು ಬೆಟಗೇರಿಯಲ್ಲಿ ಐಸ್‌ಕ್ಯಾಂಡಿ ಮಾರುತ್ತಿದ್ದ. “ಆಗೂ ಈಗೂ ಧಂದೆ ಒಂದ, ಥಂಡಿ ಇಡೂದು. ಆಗಿನ ಗಿರಾಕಿ ಗದ್ಲ ಮಾಡತಿದ್ರು, ಈಗಿನವ್ರು ಮಾಡೂದಿಲ್ಲ” ಎನ್ನುತ್ತಾನೆ. ಪೆಟ್ಟಿಗೆಯ ಮೇಲಿನ ಕೆಂಪು ಅಂಕಿ ನಾಲ್ಕು ಡಿಗ್ರಿ ತೋರಿಸಿದರೆ ಮೀಸೆ ತಿರುವುತ್ತಾನೆ.

ಆ ಮೇ ತಿಂಗಳ ಮಧ್ಯಾಹ್ನ ಗದಗದ ಆಸ್ಪತ್ರೆಗೆ ಹೊರಟ ಪೆಟ್ಟಿಗೆಯಲ್ಲಿ ಮಂಜವ್ವ ಮಲಗಿದ್ದಳು. ಹಿಂದೊಮ್ಮೆ ಸ್ಟೋವ್ ಸಿಡಿದು ಅವಳ ಮಗಳು ವನಿತಾ ಸುಟ್ಟುಕೊಂಡಾಗ, ತೀರಿಕೊಂಡ ಯಾರದೋ ಚರ್ಮವನ್ನು ಗಾಯಕ್ಕೆ ಹೊದಿಸಿ ಡಾಕ್ಟರು ಜೀವ ಉಳಿಸಿದ್ದರು. ಅದನ್ನು ಮರೆಯದ ಮಂಜವ್ವ ತನ್ನ ಚರ್ಮವನ್ನೂ ದಾನ ಬರೆದಿದ್ದಳು. ಈಗ ಅದನ್ನು ತೆಗೆಯಬೇಕಾದ ಡಾಕ್ಟರು ಹುಬ್ಬಳ್ಳಿಯಿಂದ ಗದಗಕ್ಕೆ ಬರುವುದು ತಡವಾಗುತ್ತಿತ್ತು. ಮೈ ತಣ್ಣಗಿದ್ದರೆ ಚರ್ಮ ಅಷ್ಟು ಹೊತ್ತು ತಡೆಯುತ್ತದೆ; ಬೆಚ್ಚಗಿದ್ದರೆ ದಾನ ಮಣ್ಣುಪಾಲು.

ಮುಂದಿನ ಸೀಟಿನಲ್ಲಿ ಮಂಜವ್ವನ ತಂಗಿ ಹನಮವ್ವ. ಡಂಬಳದ ಹತ್ತಿರ ಡಾಕ್ಟರ ಫೋನ್ ಬಂತು.

“ನಾಕ ಐತ್ರಿ ಸಾಹೇಬ್ರ! ಕೂದಲೆಳಿ ಹೆಚ್ಚಿಲ್ಲ, ಕಮ್ಮಿಲ್ಲ!” ಎಂದು ಯಮನೂರಸಾಬ ಗರ್ಜಿಸಿದ.

“ಅದು ಪೆಟಗಿದು. ಮೈ ಮುಟ್ಟಿ ನೋಡ್ರಿ.”

ಗಾಡಿ ನಿಲ್ಲಿಸಿ, ದಿಗ್ವಿಜಯಕ್ಕೆ ಹೊರಟವನಂತೆ ಮುಚ್ಚಳ ತೆಗೆದು, ಬಿಳಿ ಬಟ್ಟೆಯೊಳಗೆ ಕೈಯಿಟ್ಟ. ಮಂಜವ್ವ ಬುಟ್ಟಿಯಲ್ಲಿ ಮುಚ್ಚಿಟ್ಟ ರೊಟ್ಟಿಯಷ್ಟು ಬೆಚ್ಚಗಿದ್ದಳು! ಹಳೆ ಸೀರೆಗಳ ದಪ್ಪ ಕೌದಿಯೊಂದು ಕೊರಳಿನಿಂದ ಹೆಬ್ಬೆರಳಿನವರೆಗೆ ಅವಳನ್ನು ಸುತ್ತಿಕೊಂಡಿತ್ತು. ತಂಪಿನ ಇಡೀ ಸೈನ್ಯ ಆ ಕೋಟೆಯ ಹೊರಗೆ ಬೀಡುಬಿಟ್ಟು ‘ನಾಲ್ಕು, ನಾಲ್ಕು’ ಎಂದು ಜಯಘೋಷ ಮಾಡುತ್ತಿತ್ತು, ಅಷ್ಟೆ.

“ಯಾರ ಹೊಚ್ಚಿದ್ರಿ ಇದನ್ನ?”

“ನಾನ. ನೀ ಚಾ ಕುಡ್ಯಾಕ ಹೋದಾಗ. ನಮ್ಮಕ್ಕಗ ಥಂಡಿ ಆಗಿಬರೂದಿಲ್ಲೋ. ಬ್ಯಾಸಗ್ಯಾಗೂ ಹೊಚಗೊಂಡ ಮಲಗಾಕಿ.”

“ಯವ್ವಾ, ಸತ್ತೋರಿಗೆ ಎಂಥಾ ಥಂಡಿರಿ?”

“ನೀ ಸತ್ತು ನೋಡಿ ಬಂದೀಯೇನ?”

ಯಮ ಸೀದಾ ಕೌದಿಗೆ ಕೈ ಹಾಕಿದ; ಹನಮವ್ವ ಕೈಗೆ ಫಟ್ಟನೆ ಹೊಡೆದಳು. ಮುಚ್ಚಳ ತೆರೆದಷ್ಟು ಹೊತ್ತೂ ತಂಪು ಓಡಿಹೋಗುತ್ತಿತ್ತು. ಯಮನೂರಸಾಬ ದನಿ ತಗ್ಗಿಸಿದ.

“ನಿಮ್ಮಕ್ಕ ಎಲ್ಲಿಗಿ ಹೊಂಟಾಳ್ರಿ? ಸುಟ್ಟೋರು ಯಾರಿಗೋ ತಾನ ಕೌದಿ ಆಗಾಕ. ವನಿತಾಗ ಯಾರೋ ಆದಂಗ. ಈ ಕೌದಿ ತಗೀಲಿಲ್ಲಂದ್ರ ಆ ಕೌದಿ ಕೆಡತೈತ್ರಿ.”

ಹನಮವ್ವ ಸೆರಗಿನಿಂದ ಮೂಗೊರೆಸಿಕೊಂಡಳು.

“ಇದನ್ನ ಮನ್ಯಾಗ ಹೇಳಾಕ ಏನಾಗಿತ್ತು? ಬಾಯಾಗ ಐಸ ಇಟಗೊಂಡಿದ್ದೇನಲೇ?” ಎಂದು ಬೈಯುತ್ತಲೇ ಕೌದಿಯನ್ನು ತಾನೇ ಬಿಡಿಸಿ ಮಡಿಲಲ್ಲಿಟ್ಟುಕೊಂಡಳು. ಡಂಬಳದ ಸೋಡಾ ಅಂಗಡಿಯ ಐಸೆಲ್ಲ ಪೆಟ್ಟಿಗೆಗೆ ಇಳಿಯಿತು. ಟೆಂಪೊ ಹಿಂದೆಂದೂ ಕಾಣದ ವೇಗದಲ್ಲಿ ಓಡಿತು. ಎರಡು ಎತ್ತಿನ ಗಾಡಿಗಳನ್ನು ಹಿಂದೆ ಹಾಕಿತೆಂದು ಅವನ ವಾದ.

ಗದಗದ ಆಸ್ಪತ್ರೆಯಲ್ಲಿ ಡಾಕ್ಟರು ಮಂಜವ್ವನ ಮೈ ಮುಟ್ಟಿ ತಲೆಯಾಡಿಸಿ ಒಳಗೆ ಒಯ್ದರು. ಸಂಜೆ ಅವಳನ್ನು ಹೊರತಂದು, “ಚರ್ಮ ಛಲೋ ಸಿಕ್ಕೈತಿ” ಎಂದರು.

ಹನಮವ್ವ ಯಮನೂರಸಾಬನ ಕಡೆ ತಿರುಗಿದಳು. “ಈಗರ ಹೊಚ್ಚಲೇನ?”

“ಈಗ ಹೊಚ್ರಿ.”

ಇಬ್ಬರೂ ಎರಡು ತುದಿ ಹಿಡಿದು ಮಂಜವ್ವನ ಮೇಲೆ ಕೌದಿ ಹರಡಿದರು.

“ಕಾಲ ಕಡಿಗೆ ಇನ್ನೊಂಚೂರು ಎಳಿ,” ಎಂದು ಹನಮವ್ವ ಅಪ್ಪಣೆ ಮಾಡಿದಳು. ಯಮ ತೆಪ್ಪಗೆ ಎಳೆದ.